ಒಪ್ಪಿದವರೇ ಎಳೆಯಬೇಕು

ತಪ್ಪು ಕಣ್ಣಿಗೆ ಬಿದ್ದಾಗ ಅವಳಿಗೆ ಆದದ್ದು ಸಂತೋಷ. ಅದು ಸಂತೋಷವೇ ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಅದರ ಬಳಕೆ ತಪ್ಪಿ ಬಹಳ ದಿನವಾಗಿತ್ತು. ಕಾಫಿ ಲೋಟವನ್ನು ಪಕ್ಕಕ್ಕಿಟ್ಟು, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಕಂಪ್ಯೂಟರಿನಲ್ಲಿದ್ದ ಕೋಡಿನ ಆ ಸಾಲನ್ನು ಮತ್ತೆ ಓದಿದಳು. ತಪ್ಪು ಅಲ್ಲೇ ಇತ್ತು, ಎಲ್ಲಿಗೂ ಹೋಗಿರಲಿಲ್ಲ. ಪರದೆಗೆ ಕೇಬಲ್ ಚುಚ್ಚಿದಾಗ, ಅಥವಾ ಕಿತ್ತಾಗ, ಒಂದು ಸಣ್ಣ ಚಿಪ್ ಪ್ರೊಸೆಸರಿನ ಭುಜ ತಟ್ಟಿ, ಮಾಡುತ್ತಿರುವುದನ್ನು ಬಿಟ್ಟು ಇತ್ತ ನೋಡು ಎನ್ನುತ್ತದೆ. ಅದಕ್ಕೆ ಇಂಟರಪ್ಟ್ ಎನ್ನುತ್ತಾರೆ. ತಟ್ಟಿಸಿಕೊಂಡವನು ಅಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು. ಬಂದದ್ದಕ್ಕೆ ಗುರುತು ಹಾಕಿ, ಉಳಿದದ್ದನ್ನು ಹಿಂದೆ ಕೂತ ಇನ್ನೊಬ್ಬನಿಗೆ ದಾಟಿಸಿ ಹೊರಡಬೇಕು. ಆ ಇನ್ನೊಬ್ಬ ಸಾವಕಾಶವಾಗಿ ಪರದೆಯ ಜಾತಕ ಓದುತ್ತಾನೆ, ಉದ್ದವೆಷ್ಟು, ಅಗಲವೆಷ್ಟು, ಎಷ್ಟು ಬಣ್ಣ ತೋರಿಸಬಲ್ಲದು ಎಂದು. ಅವನು ಓದುತ್ತಿರುವಾಗಲೇ ಯಾರಾದರೂ ಕೇಬಲ್ ಕಿತ್ತರೆ, ಅವನ ಕೈಯಲ್ಲಿರುವ ಹಾಳೆಯನ್ನು ವಾಪಸು ಪಡೆಯುವ ಮೊದಲು ಅವನು ಮುಗಿಸುವವರೆಗೆ ಕಾಯಬೇಕು. ಈ ಕೋಡ್ ಕಾಯುತ್ತಿರಲಿಲ್ಲ. ನಿನ್ನ ಕೆಲಸ ರದ್ದು ಎಂದು ಹೇಳಿ, ಉತ್ತರಕ್ಕೆ ನಿಲ್ಲದೆ, ಹಾಳೆಯನ್ನು ಹರಿದು ಹಾಕುತ್ತಿತ್ತು. ಇನ್ನೂ ಓದುತ್ತಿದ್ದವನು ಇಲ್ಲದ ಹಾಳೆಯನ್ನೇ ಓದುತ್ತಾ ಹೋಗಿ ಇಡೀ ಯಂತ್ರವನ್ನು ತನ್ನ ಜೊತೆ ಹಳ್ಳಕ್ಕೆ ಎಳೆಯುತ್ತಾನೆ. ಯಾವಾಗಲೂ ಅಲ್ಲ. ಚುಚ್ಚಿ, ಅವನು ಓದಲು ಕೂತನೋ ಇಲ್ಲವೋ ಅನ್ನುವಷ್ಟರಲ್ಲಿ ಕಿತ್ತರೆ ಮಾತ್ರ.

ಬರೆದವನು ಮೇಷ್ಟ್ರು. ಅವನೇನೂ ಶಾಲೆಯ ಮೇಷ್ಟ್ರಲ್ಲ, ಅವರ ತಂಡದ ಮುಖ್ಯಸ್ಥ. ಯಾರ ಮೇಜಿನ ಬಳಿ ನಿಂತರೂ ಕರಿಹಲಗೆಯ ಮುಂದೆ ನಿಂತವನ ಹಾಗೆ ಮಾತಾಡುತ್ತಾನೆಂದು ಆ ಹೆಸರು ಬಿದ್ದಿತ್ತು. ಬಾಯಲ್ಲಿ ಅವಳು ಸಾರ್ ಎನ್ನುತ್ತಿದ್ದಳು, ಬನ್ನಿ ಕೂತ್ಕೊಳ್ಳಿ ಎನ್ನುತ್ತಿದ್ದಳು. ಒಳಗೆ ಮಾತ್ರ, ಗಂಡ ಸತ್ತ ದಿನದಿಂದ, ಅವನನ್ನು ಏಕವಚನಕ್ಕೆ ಇಳಿಸಿದ್ದಳು. ಇವತ್ತಿನವರೆಗೆ ಅವಳ ಕೈಲಾದದ್ದು ಅಷ್ಟೇ. ಮಧ್ಯಾಹ್ನ ಗಿರಾಕಿಗಳು ಬರುವವರಿದ್ದರು. ಅವರು ಕೊಳ್ಳಲಿದ್ದದ್ದು ಆಪರೇಷನ್ ಥಿಯೇಟರುಗಳಲ್ಲಿ ನೇತು ಹಾಕುವ ಪರದೆಗಳನ್ನು. ಅವನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಈ ಆಫೀಸಿನದು. ಈ ಆಫೀಸಿನಲ್ಲಿ ಒಂದು ಪದ್ಧತಿ ಇತ್ತು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಬೇಕು. ಗಿರಾಕಿಗಳ ಮುಂದೆ ಕೇಬಲ್ ಎಳೆಯುವುದು ಬರೆದವರಲ್ಲ, ಒಪ್ಪಿದವರು. ಬರೆದವರಿಗೆ ತಮ್ಮ ಕೂಸಿನ ಮೇಲೆ ಕರುಣೆ ಇರುತ್ತದೆ, ಎಲ್ಲಿ ಮೆಲ್ಲಗೆ ಮುಟ್ಟಬೇಕೆಂದು ಗೊತ್ತಿರುತ್ತದೆ, ಅದಕ್ಕೆ. ಒಪ್ಪಿದವರೇ ಎಳೆಯಬೇಕು, ಬಿದ್ದರೆ ಇಬ್ಬರೂ ಸೇರಿ ಬೀಳಬೇಕು ಎಂದು ಈ ಪದ್ಧತಿ ತಂದವನೂ ಮೇಷ್ಟ್ರೇ.

ಹಿಂದೆ ಹೀಗೇ ಗಿರಾಕಿಗಳು ಬಂದಿದ್ದ ಒಂದು ಮಧ್ಯಾಹ್ನ, ಬರೆದವನು ಇದೇ ತಂಡದಲ್ಲಿದ್ದ ಅವಳ ಗಂಡ, ಒಪ್ಪಿದವನು ಮೇಷ್ಟ್ರು. ಗಂಡನ ಕೋಡ್ ಕಾಯುತ್ತಿತ್ತು. ಅತಿಯಾಗಿ ಕಾಯುತ್ತಿತ್ತು. ಕೋಣೆಯ ಬೀಗವನ್ನು ತಾನು ಕೈಯಲ್ಲಿ ಹಿಡಿದುಕೊಂಡು, ಒಳಗಿದ್ದವನು ಹೊರಗೆ ಬರಲಿ ಎಂದು ಬಾಗಿಲಲ್ಲಿ ನಿಂತಿತ್ತು. ಒಳಗಿದ್ದವನು ಬೀಗ ಸಿಗಲಿ ಎಂದು ನಿಂತಿದ್ದ. ಮೇಷ್ಟ್ರು ಎಳೆದ, ಪರದೆ ಹೆಪ್ಪುಗಟ್ಟಿದ ಹಾಗೆ ನಿಂತುಬಿಟ್ಟಿತು. ಅವಳು ಆಗ ಬಾಗಿಲ ಬಳಿ ನೀರಿನ ಬಾಟಲಿ ಜೋಡಿಸುತ್ತಿದ್ದಳು. ಮೇಷ್ಟ್ರು ಗಿರಾಕಿಗಳ ಕಡೆ ತಿರುಗಿ, ನಗುತ್ತಲೇ, "ಕ್ಷಮಿಸಿ, ಇದನ್ನ ಇವನ ಕೈಗೆ ಕೊಡಬಾರದಿತ್ತು" ಅಂದ. ತಾನು ಓದಿ ಒಪ್ಪಿದ್ದೇನೆ ಎಂಬುದು ಅವನ ಬಾಯಿಂದ ಬರಲಿಲ್ಲ. ಗಂಡನೂ ನಕ್ಕ. ಅದು ಅವಳಿಗೆ ಮರೆಯಲು ಆಗದ್ದು, ಆ ನಗು. ನಗಬೇಕೋ ಬೇಡವೋ ಎಂದು ಒಮ್ಮೆ ಸುತ್ತ ನೋಡಿ, ಎಲ್ಲರೂ ನಗುತ್ತಿದ್ದಾರೆಂದು ಖಾತ್ರಿಯಾದ ಮೇಲೆ ನಕ್ಕ. ಮನೆಗೆ ಹೋಗುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ, "ಮೊದಲು ಬೀಗ ಬಿಡಬೇಕಿತ್ತು ಕಣೇ, ಆಮೇಲೆ ಕಾಯಬೇಕಿತ್ತು, ಅಷ್ಟೇ" ಎಂದು ಹೇಳಿದ. ಅದಕ್ಕೆ ತಾನು ಏನು ಹೇಳಬಹುದಿತ್ತು ಎಂದು ಅವಳು ಈಗಲೂ ಹಲ್ಲುಜ್ಜುವಾಗ ಯೋಚಿಸುತ್ತಾಳೆ. ಆ ಮೇಲೆ ಅವನಿಗೆ ಬರೆಯಲು ಕೊಡಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ಕೂರಿಸಿ ಕೇಬಲ್ ಹಾಕಿ ತೆಗೆಯುವ ಕೆಲಸ ಕೊಟ್ಟರು. ಅವನ ಹೆಬ್ಬೆರಳಿನಲ್ಲಿ ದಡ್ಡು ಕಟ್ಟಿತು. ಒಂದು ಸಂಜೆ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತವನು ಬಸ್ ಬಂದಾಗ ಏಳಲಿಲ್ಲ. ಹೃದಯದಲ್ಲಿ ಹುಟ್ಟಿನಿಂದಲೇ ಇದ್ದ ದೋಷ, ಯಾರಿಗೂ ಗೊತ್ತಾಗುವಂಥದ್ದಲ್ಲ ಎಂದು ಡಾಕ್ಟರು ಹೇಳಿದರು. ಅಂದರೆ ಯಾರೂ ಅವನನ್ನು ಕೊಂದಿರಲಿಲ್ಲ. ಅವಳಿಗೆ ಅದೇ ಸಹಿಸಲು ಆಗದ್ದಾಗಿತ್ತು. ಕೊಂದವರೊಬ್ಬರು ಬೇಕಾಗಿತ್ತು, ಹುಡುಕಿದಾಗ ಕೈಗೆ ಸಿಕ್ಕವನು ಮೇಷ್ಟ್ರು.

"ನಿಮ್ಮ ಮೇಷ್ಟ್ರು ಚೆನ್ನಾಗಿದಾರೇನೇ?" ಎಂದು ಅತ್ತೆ ಇವತ್ತು ಬೆಳಿಗ್ಗೆ ಕೇಳಿದ್ದಳು, ಒಣಗಿದ ಬಟ್ಟೆ ಮಡಿಸುತ್ತಾ. ಮಗ ಹೋದ ಮೇಲೆ ಅತ್ತೆ ಅವಳ ಜೊತೆಗೇ ಇದ್ದಳು. ಇಬ್ಬರಿಗೂ ಬೇರೆ ದಾರಿ ಇರಲಿಲ್ಲ, ಇದ್ದಿದ್ದರೂ ಹೋಗುತ್ತಿರಲಿಲ್ಲವೇನೋ. "ಪುಣ್ಯಾತ್ಮ. ನನ್ನ ಮಗ ಹೋದ ದಿನ ಯಾರೂ ಹೇಳದೇ ಇದ್ರೂ ಪಕ್ಕದ ಮನೆಯಿಂದ ಕುರ್ಚಿ ಹೊತ್ತು ತಂದು ತಂದು ಹಾಕಿದ್ರು."

"ಚೆನ್ನಾಗಿದಾರೆ ಅತ್ತೆ."

"ನಿನ್ನ ಮುಖ ನೋಡಿದ್ರೆ ಹಾಗೆ ಕಾಣಲ್ಲ."

"ಅವರು ಚೆನ್ನಾಗಿರೋದಕ್ಕೂ ನನ್ನ ಮುಖಕ್ಕೂ ಏನು ಸಂಬಂಧ?"

"ಅದನ್ನೇ ನಾನೂ ಕೇಳ್ತಿರೋದು" ಎಂದು ಅತ್ತೆ ಟವೆಲಿನ ಮೂಲೆ ಹಿಡಿಯಲು ಅವಳ ಕೈಗೆ ಕೊಟ್ಟಳು. ಇಬ್ಬರೂ ಎದುರುಬದುರು ನಿಂತು ಟವೆಲು ಕೊಡವಿದರು. ಅತ್ತೆಗೆ ಆ ಮಧ್ಯಾಹ್ನದ ವಿಷಯ ಗೊತ್ತಿರಲಿಲ್ಲ. ಮಗ ಹೇಳಿರಲಿಲ್ಲ, ಅವಳೂ ಹೇಳಲಿಲ್ಲ. ಹೇಳಿದ್ದರೆ ಆ ಸಿಟ್ಟನ್ನು ಅತ್ತೆಯ ಜೊತೆ ಹಂಚಿಕೊಳ್ಳಬೇಕಾಗುತ್ತಿತ್ತು. ಅವಳಿಗೆ ಅದು ಪೂರ್ತಿ ತನಗೇ ಬೇಕಾಗಿತ್ತು. ಈಗ ಪರದೆಯ ಮೇಲಿನ ಸಾಲನ್ನು ನೋಡುತ್ತಾ ಅವಳಿಗೆ ಅನ್ನಿಸಿತು, ಗಂಡ ಹೀಗೆ ಬರೆಯುತ್ತಿರಲಿಲ್ಲ. ಗಂಡನ ತಪ್ಪನ್ನು ತಿದ್ದಲು ಹೋಗಿ ಮೇಷ್ಟ್ರು ಕಾಯುವುದನ್ನೇ ಕಿತ್ತು ಹಾಕಿದ್ದಾನೆ. ಬೀಗ ಬಿಟ್ಟು ಕಾಯಬಹುದಿತ್ತು. ಅಷ್ಟು ಯೋಚಿಸಲು ಗಂಡನ ಕೋಡನ್ನು ಓದಬೇಕಿತ್ತು. ಅವನು ಅದನ್ನು ಓದದೆ ಒಪ್ಪಿದ್ದ, ಓದದೆ ಎಸೆದ.

"ಏನಮ್ಮ, ಆಯ್ತಾ?" ಮೇಷ್ಟ್ರು ಬೆನ್ನ ಹಿಂದೆ ನಿಂತಿದ್ದ. ಅವನಿಂದ ಯಾವಾಗಲೂ ಒಗೆದ ಅಂಗಿಯ ವಾಸನೆ ಬರುತ್ತಿತ್ತು, ಅದರ ಮೇಲೂ ಅವಳಿಗೆ ಸಿಟ್ಟಿತ್ತು.

"ನೋಡ್ತಾ ಇದೀನಿ ಸಾರ್."

"ಬೆಳಿಗ್ಗೆ ಕಳಿಸಿ ಮಧ್ಯಾಹ್ನಕ್ಕೆ ಕೇಳೋದು ಅನ್ಯಾಯ, ಗೊತ್ತು. ಇಂಟರಪ್ಟ್ ಭಾಗ ಮಾತ್ರ ಗಮನ ಇಟ್ಟು ನೋಡಿಬಿಡಿ, ಉಳಿದದ್ದು ಹಳೇದೇ. ಏನಾದ್ರೂ ಕಂಡ್ರೆ ಸಂಕೋಚ ಬೇಡ."

"ಇಲ್ಲ ಸಾರ್, ಸಂಕೋಚ ಯಾಕೆ."

ಪಕ್ಕದ ಮೇಜಿನ ಪಿಟೀಲು ಕತ್ತು ಚಾಚಿದ. ಹಿಡಿದ ಮಾತನ್ನು ಬಿಡದೆ ಕುಯ್ಯುತ್ತಾನೆಂದು ಎಲ್ಲರೂ ಅವನನ್ನು ಹಾಗೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. "ಸಾರ್, ನಿಮ್ಮ ಕೋಡಲ್ಲಿ ತಪ್ಪು ಹುಡುಕಿದ್ರೆ ಅಕ್ಕಂಗೆ ಸಂಬಳ ಜಾಸ್ತಿ ಆಗತ್ತಾ, ಕಮ್ಮಿ ಆಗತ್ತಾ?"

"ನಿನ್ನ ಕೋಡಲ್ಲಿ ಹುಡುಕಿದ್ರೆ ಆಫೀಸೇ ದಿವಾಳಿ ಆಗತ್ತೆ, ಕೂತ್ಕೋ" ಎಂದು ಮೇಷ್ಟ್ರು ಹೊರಟ. ಪಿಟೀಲು ಸಂತೋಷವಾಗಿ ಕೂತ. ಹೀಗೇ ಅಲ್ಲವೆ, ಎಂದುಕೊಂಡಳು. ಚಿವುಟಿಸಿಕೊಂಡವರೆಲ್ಲ ನಗುತ್ತಾರೆ. ಒಪ್ಪಿಗೆಯ ಗುಂಡಿಯ ಮೇಲೆ ಬಾಣದ ಗುರುತು ನಿಲ್ಲಿಸಿ ಅವಳು ಒಂದು ವಾಕ್ಯವನ್ನು ಬಾಯೊಳಗೇ ಹೇಳಿ ನೋಡಿದಳು. ಕ್ಷಮಿಸಿ, ಇದನ್ನ ಇವರ ಕೈಗೆ ಕೊಡಬಾರದಿತ್ತು. ಬಹುವಚನದಲ್ಲೇ ಹೇಳುತ್ತೇನೆ, ನಗುತ್ತಲೇ ಹೇಳುತ್ತೇನೆ. ಅವಳೂ ಒಪ್ಪಿದವಳು ಎಂದು ಯಾರಾದರೂ ಎತ್ತಿದರೆ, ಹೌದು, ಅವತ್ತೂ ಒಬ್ಬರು ಒಪ್ಪಿದ್ದರು ಎನ್ನುತ್ತೇನೆ. ಕೆಲಸ ಹೋದರೆ ಹೋಗಲಿ. ಯಂತ್ರ ಗಿರಾಕಿಗಳನ್ನು ಕೂರಿಸುವ ಆ ಕೋಣೆಯಲ್ಲೇ ಬೀಳುತ್ತದೆ, ಅಲ್ಲಿಂದ ಆಚೆ ಹೋಗುವುದಿಲ್ಲ, ಯಾರಿಗೂ ಏನೂ ಆಗುವುದಿಲ್ಲ. ಗುಂಡಿ ಒತ್ತಿದಳು. ಕಾಫಿ ತಣ್ಣಗಾಗಿತ್ತು, ಕುಡಿದಳು.

ಮಧ್ಯಾಹ್ನ ಬಂದ ಗಿರಾಕಿಗಳಲ್ಲಿ ಒಬ್ಬಳು ಶಸ್ತ್ರಚಿಕಿತ್ಸೆಯ ಡಾಕ್ಟರು, ನಡುವಯಸ್ಸಿನವಳು, ಉಗುರುಗಳನ್ನು ಬುಡಕ್ಕೆ ಕತ್ತರಿಸಿಕೊಂಡಿದ್ದಳು. ಇನ್ನೊಬ್ಬ ಆಸ್ಪತ್ರೆಯ ಖರೀದಿಯವನು, ಅವನ ಗಮನವೆಲ್ಲ ಬಿಸ್ಕತ್ತಿನ ತಟ್ಟೆಯ ಮೇಲೆ. ಗೋಡೆಯ ಮೇಲೆ ಪರದೆ, ಅದರಲ್ಲಿ ಯಾರದೋ ಹೊಟ್ಟೆಯ ಒಳಗಿನ ಚಿತ್ರ, ಕೆಂಪಗೆ, ನುಣ್ಣಗೆ, ಮಿಡಿಯುತ್ತಿತ್ತು. ಡಾಕ್ಟರು ಮೇಷ್ಟ್ರ ಮಾತನ್ನು ಮಧ್ಯದಲ್ಲೇ ತುಂಡರಿಸಿ, "ನನಗೆ ಒಳಗಿನ ಕತೆ ಬೇಡ. ಥಿಯೇಟರಲ್ಲಿ ಕಾಲಿಗೆ ಸಿಕ್ಕಿ ಕೇಬಲ್ ಬೀಳತ್ತೆ, ನರ್ಸ್ ಮತ್ತೆ ಚುಚ್ತಾಳೆ. ಚುಚ್ಚಿದ ತಕ್ಷಣ ನನಗೆ ಕಾಣಬೇಕು. ನನ್ನ ಕೈ ಒಳಗಿರತ್ತೆ, ಪರದೆ ನಿಂತ್ರೆ ನಾನು ಕುರುಡಿ" ಅಂದಳು. ಮೇಷ್ಟ್ರು ಪರದೆಯ ಪಕ್ಕ ನಿಂತಿದ್ದ ಅವಳ ಕಡೆ ಕೈ ತೋರಿಸಿದ. "ಇವರು ಓದಿ ಒಪ್ಪಿದಾರೆ. ಇವರೇ ಎಳೀತಾರೆ." ಅವಳು ಕೇಬಲ್ ಹಿಡಿದಳು. ತುದಿಯ ಲೋಹ ತಣ್ಣಗಿತ್ತು. ಎಳೆದಳು, ಪರದೆ ಕಪ್ಪಾಯಿತು. ಚುಚ್ಚಿದಳು, ಹೊಟ್ಟೆ ಮತ್ತೆ ಮಿಡಿಯಿತು. ಖರೀದಿಯವನು ತಲೆದೂಗಿದ. ಈಗ, ಎಂದುಕೊಂಡಳು. ಎಳೆದು, ಚುಚ್ಚಿ, ಉಸಿರು ಹಿಡಿದಷ್ಟೇ ತಡೆದು ಕಿತ್ತಳು. ಮತ್ತೆ ಚುಚ್ಚಿದಳು. ಹೊಟ್ಟೆ ಮಿಡಿಯಿತು.

ಹೀಗಾಗಬಾರದು. ಇನ್ನೂ ಬೇಗ ಕಿತ್ತಳು, ಆಮೇಲೆ ಒಂದು ಕೂದಲೆಳೆ ತಡವಾಗಿ. ಗಂಡ ಪರೀಕ್ಷೆಯ ಕೋಣೆಯಲ್ಲಿ ಹೀಗೆ ಮಾಡುತ್ತಿರಲಿಲ್ಲ, ಅವನದು ಒಂದೇ ಸಮನಾದ ಲಯ, ಗಾಜಿನ ಗೋಡೆಯ ಆಚೆಯಿಂದ ನೋಡಿದರೆ ಏನೋ ಹೊಲಿಯುತ್ತಿದ್ದ ಹಾಗೆ ಕಾಣುತ್ತಿತ್ತು. ಅವಳು ಊಟದ ಹೊತ್ತಿಗೆ ಆ ದಾರಿ ಬಿಟ್ಟು ಬಳಸಿ ಹೋಗುತ್ತಿದ್ದಳು, ನೋಡಿದರೆ ಅವನು ಕೈ ಬೀಸುತ್ತಾನೆ ಎಂದು, ಬೀಸಿದರೆ ತಾನೂ ಬೀಸಬೇಕಾಗುತ್ತದೆ ಎಂದು. ಕಪ್ಪು, ಕೆಂಪು, ಕಪ್ಪು, ಕೆಂಪು. ಖರೀದಿಯವನು ಬಿಸ್ಕತ್ತು ಬಾಯಲ್ಲಿಟ್ಟುಕೊಂಡೇ "ಸಾಕಮ್ಮ, ಪಾಪ ಅದಕ್ಕೂ ತಲೆ ಸುತ್ತತ್ತೆ" ಅಂದ. ಪಿಟೀಲು ನಕ್ಕ. ಅವಳು ನಿಲ್ಲಿಸಲಿಲ್ಲ. ಈಗ ಬೀಳದಿದ್ದರೆ ಇದು ಈ ಕೋಣೆಯಿಂದ ಹೊರಗೆ ಹೋಗುತ್ತದೆ, ಅವಳ ಒಪ್ಪಿಗೆ ಹೊತ್ತು. ಎಲ್ಲೋ ಒಂದು ಥಿಯೇಟರಿನಲ್ಲಿ, ಯಾರದೋ ಕಾಲು ಎಡವಿ, ಯಾವಳೋ ನರ್ಸಿನ ಕೈ ಅವಸರದಲ್ಲಿ ಚುಚ್ಚಿ ಸರಿಯಾಗಿ ಕೂರದೆ ಮತ್ತೆ ಕಿತ್ತು, ಆಗ ಬೀಳುತ್ತದೆ. ಅಲ್ಲಿ ಹೊಟ್ಟೆ ತೆರೆದು ಮಲಗಿರುವ ಆ ಯಾರೋ ಅವಳಿಗೆ ಏನು ಮಾಡಿದ್ದರು? ಬೀಳಲಿ ಎಂದು ಬೇಡುತ್ತಿದ್ದುದು ಸೇಡಿಗೋ ಹೆದರಿಕೆಗೋ ಅವಳಿಗೇ ತಿಳಿಯದಾಯಿತು, ಹೆಬ್ಬೆರಳು ಉರಿಯತೊಡಗಿತು. ಹೊಟ್ಟೆ ಶಾಂತವಾಗಿ ಮಿಡಿಯುತ್ತಲೇ ಇತ್ತು. ಡಾಕ್ಟರು ಎದ್ದು ಬಂದು ಅವಳ ಮಣಿಕಟ್ಟು ಮುಟ್ಟಿದಳು. "ಸಾಕು. ನನಗೆ ನಂಬಿಕೆ ಬಂತು."

ನೀರು ಕುಡಿಯುವ ನೆಪದಲ್ಲಿ ಹೊರಗೆ ಬಂದಳು. ಬಾಯಲ್ಲಿ ಆ ವಾಕ್ಯ ಹಾಗೇ ಉಳಿದಿತ್ತು, ಅಗಿದು ರುಚಿ ಹೋದ ಮೇಲೂ ಉಗುಳಲು ಜಾಗ ಸಿಗದ ಹಾಗೆ. ಕಾರಿಡಾರಿನ ತುದಿಯಲ್ಲಿ ನೀರಿನ ಯಂತ್ರ ಗೊರಗೊರ ಅನ್ನುತ್ತಿತ್ತು. ಒಳಗೆ ಹೋಗಿ ಹೇಳಬೇಕು. ಏನೆಂದು? ಬೆಳಿಗ್ಗೆಯೇ ಕಂಡಿತ್ತು, ಬೇಕೆಂದೇ ಬಿಟ್ಟೆ ಎಂದು? ಹಿಂದೆ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ಒಗೆದ ಅಂಗಿಯ ವಾಸನೆ.

"ಯಾವ ಸಾಲು?" ಎಂದು ಮೇಷ್ಟ್ರು ಕೇಳಿದ.

"ಏನು ಸಾರ್?"

"ಮೊದಮೊದಲು ಪರೀಕ್ಷೆ ಮಾಡೋರ ಹಾಗೆ ಎಳೆದ್ರಿ. ಆಮೇಲೆ ಹುಡುಕೋರ ಹಾಗೆ. ಚುಚ್ಚಿ, ತಡೆದು, ಕೀಳೋದು. ಇದೆ ಅಂತ ಗೊತ್ತಿರೋರು ಮಾತ್ರ ಹಾಗೆ ಹುಡುಕ್ತಾರೆ." ದನಿಯಲ್ಲಿ ಪಾಠ ಇರಲಿಲ್ಲ. "ಬೆಳಿಗ್ಗೆನೇ ಕಂಡಿತ್ತಾ?"

ಅವಳು ಕಾಗದದ ಲೋಟ ಹಿಸುಕಿದಳು. ಇಲ್ಲ ಎನ್ನುವುದು ಸುಲಭವಿತ್ತು. ಹೌದು ಎನ್ನುವುದೂ ಈಗ ಸುಲಭವೇ ಆಗಿತ್ತು. ಮೇಷ್ಟ್ರು ಅವಳ ಮುಖವನ್ನು ನೋಡಿದ. ಬೈಯುತ್ತಾನೆ, ಬೈಯಲಿ ಎಂದು ಅವಳು ಗದ್ದ ಎತ್ತಿ ನಿಂತಳು. ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡು, "ಸರಿ" ಎಂದಷ್ಟೇ ಹೇಳಿ ಒಳಗೆ ಹೋದ. ಬಾಗಿಲು ಪೂರ್ತಿ ಮುಚ್ಚಲಿಲ್ಲ. ಸಂದಿಯಲ್ಲಿ ಅವನ ಬೆನ್ನು ಕಾಣುತ್ತಿತ್ತು.

"ಕ್ಷಮಿಸಿ. ನನ್ನ ಕೋಡಲ್ಲಿ ಒಂದು ತಪ್ಪು ಉಳಿದಿದೆ. ನಾನೇ ಬರೆದಿದ್ದು. ಓದಿ ಒಪ್ಪಿದವರಿಗೆ ಅದರ ಸುಳಿವು ಸಿಕ್ಕಿದೆ, ಅದಕ್ಕೇ ಅಷ್ಟು ಎಳೀತಿದ್ರು. ಇವತ್ತು ಬೀಳಲಿಲ್ಲ, ಅದು ನಮ್ಮ ಅದೃಷ್ಟ. ಸರಿ ಮಾಡೋವರೆಗೆ ಪರದೆ ಕಳಿಸಲ್ಲ."

ಖರೀದಿಯವನು ಏನೋ ಗೊಣಗಿದ. ಡಾಕ್ಟರು, "ಕಳಿಸಬೇಡಿ" ಅಂದಳು. ಆಮೇಲೆ, "ಹೀಗೆ ಬಾಯಿ ಬಿಟ್ಟು ಹೇಳೋರು ಎಲ್ಲಿ ಸಿಗ್ತಾರೆ. ಸರಿ ಮಾಡಿ ಕರೀರಿ, ಬರ್ತೀನಿ" ಅಂದಳು. ಕುರ್ಚಿಗಳು ಸರಿದವು. ಅವರು ಕಾರಿಡಾರಿನಲ್ಲಿ ಅವಳನ್ನು ದಾಟಿ ಹೋಗುವಾಗ ಡಾಕ್ಟರು ತಲೆ ಬಾಗಿಸಿ ನಕ್ಕಳು, ಒಳ್ಳೆಯ ಕೆಲಸ ಮಾಡಿದವರಿಗೆ ನಗುವ ಹಾಗೆ. ಅವಳು ಗೋಡೆಗೆ ಒರಗಿದಳು. ಅಪಾಯ ಕಳೆದಿತ್ತು, ಮೈ ಹಗುರಾಗಬೇಕಿತ್ತು. ಆದರೆ ಕಾಲಿನಿಂದ ಮೇಲೇರಿ ಬಂದದ್ದು ಬೆಳಗಿನದಕ್ಕಿಂತ ದೊಡ್ಡ ಸಿಟ್ಟು. ಹಾಗಾದರೆ ಅವನಿಗೆ ಹೇಳಲು ಬರುತ್ತಿತ್ತು. ನಾನೇ ಎನ್ನುವ ಮಾತು ಅವನ ಬಾಯಲ್ಲಿ ಇತ್ತು, ಅವತ್ತೂ ಇತ್ತು, ಹಲ್ಲಿನ ಹಿಂದೆಯೇ ಇತ್ತು. ಅವತ್ತು ಅದಕ್ಕೆ ಬೇಕಾಗಿದ್ದದ್ದು ಇಷ್ಟೇ ಹೊತ್ತು, ಕನ್ನಡಕ ಒರೆಸುವಷ್ಟು. ಅವನು ಕೆಟ್ಟವನಾಗಿದ್ದಿದ್ದರೆ ಅವಳು ಹೇಗೋ ಬದುಕಿಕೊಳ್ಳುತ್ತಿದ್ದಳು. ಒಳ್ಳೆಯತನ ಇದ್ದೂ ತನ್ನ ಗಂಡನ ಮೇಲೆ ಅದನ್ನು ಖರ್ಚು ಮಾಡಲಿಲ್ಲ. ಅದೂ ಸಾಲದೆಂದು ಈಗ ಅವಳ ಸೇಡನ್ನೂ ಎತ್ತಿಕೊಂಡು, ತನ್ನ ಹೆಗಲಿಗೆ ಹಾಕಿಕೊಂಡು, ಡಾಕ್ಟರ ಕೈಯಲ್ಲಿ ಶಾಭಾಸ್ ಅನ್ನಿಸಿಕೊಂಡ.

"ಬನ್ನಿ, ನೋಡಿಬಿಡೋಣ" ಎಂದ ಮೇಷ್ಟ್ರು ಹೊರಗೆ ಬಂದು. ಕಾರಿಡಾರಿನಲ್ಲಿ ನಡೆಯುತ್ತಾ, ಮುಂದೆ ನೋಡಿಕೊಂಡೇ, "ನಿಮ್ಮವರ ವಿಷಯದಲ್ಲಿ ನಾನು ಅವತ್ತು..." ಎಂದು ಶುರು ಮಾಡಿದ.

"ಕೋಡ್ ನೋಡೋಣ ಸಾರ್."

ಅವನು ಅವಳ ಕುರ್ಚಿಯಲ್ಲಿ ಕೂತ. ಅವಳು ನಿಂತೇ ಇದ್ದಳು. ಪಿಟೀಲು ತನ್ನ ಕುರ್ಚಿಯನ್ನು ಉರುಳಿಸಿಕೊಂಡು ಹತ್ತಿರ ಬಂದ. ಅವನನ್ನು ನೋಡಿ ಇನ್ನಿಬ್ಬರು ಎದ್ದು ಬಂದು ಹಿಂದೆ ನಿಂತರು. ಮೇಷ್ಟ್ರ ಕುತ್ತಿಗೆಯ ಹಿಂದೆ ಕೂದಲು ಬೆಳ್ಳಗಾಗಿತ್ತು, ಅಲ್ಲಿ ಬೆವರಿತ್ತು. "ತೋರಿಸಿ" ಅಂದ.

"ನೀವೇ ನೋಡಿ ಸಾರ್. ನೀವೇ ಬರೆದದ್ದಲ್ವಾ."

ಅವನು ತಿರುಗಿ ನೋಡಲಿಲ್ಲ. ಓದತೊಡಗಿದ, ಬೆರಳನ್ನು ಪರದೆಯ ಮೇಲೆ ಆಡಿಸುತ್ತಾ, ತುಟಿಯಲ್ಲೇ ಗುನುಗುತ್ತಾ. ಇಂಟರಪ್ಟ್ ಬಂತು, ಗುರುತು ಹಾಕಿದೆ, ಕೆಲಸ ದಾಟಿಸಿದೆ. ಬೀಗ ಹಿಡಿದೆ, ಬೀಗ ಬಿಟ್ಟೆ. ಮೇಲಿನಿಂದ ಕೆಳಕ್ಕೆ ಹೋದ, ಕೆಳಗಿನಿಂದ ಮೇಲಕ್ಕೆ ಬಂದ. ಪಿಟೀಲು ಸಹಾಯ ಮಾಡಲು ಬಾಯಿ ತೆರೆದ. ಅವಳು ಅವನ ಭುಜದ ಮೇಲೆ ಕೈಯಿಟ್ಟಳು, ಅವನು ಮುಚ್ಚಿದ. ಯಾರೋ ಹಿಂದೆ ಕಿಸಕ್ಕೆಂದು ನಕ್ಕು ಕೆಮ್ಮಿದ ಹಾಗೆ ಮಾಡಿದರು. ಮೇಷ್ಟ್ರ ಕಿವಿಗಳು ಕೆಂಪಾದವು. ಅವನ ಬೆರಳು ಮತ್ತೆ ಕೆಳಗಿಳಿಯಿತು, ಒಂದು ಕಡೆ ನಿಂತಿತು. ಅದೇ ಸಾಲು. ಉಗುರಿನ ಕೆಳಗೇ ಇತ್ತು.

"ಕೀಳುವಾಗ ರದ್ದು ಅಂತ ಹೇಳಿದೀನಲ್ಲ ಇಲ್ಲಿ" ಎಂದು ಅವನು ನಿಧಾನವಾಗಿ, ಅವಳನ್ನು ಕೇಳುವ ಹಾಗೆ ಹೇಳಿದ. "ಇದು... ಇದಲ್ಲ ಅಲ್ವಾ?"

ಅವಳು ಬಗ್ಗಿ ನೋಡಿದಳು, ಮೊದಲ ಸಲ ನೋಡುವವಳ ಹಾಗೆ.

"ಮುಂದೆ ನೋಡಿ ಸಾರ್" ಅಂದಳು.

ಅವನು ಬೆರಳು ತೆಗೆದು, ಹೇಳಿದ ಹಾಗೆ, ಮುಂದಿನ ಸಾಲಿಗೆ ಹೋದ.